ಗೆಳೆಯರ ಸಹಾಯದ ಗುಂಪಿನಲ್ಲಿ ನಾನು ಕಂಡದ್ದು

ಸರ್ಕಾರಿ ಶಾಲೆಯಲ್ಲಿ ನಾನು ನಲಿಕಲಿ ತರಗತಿ, ಅಂದರೆ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ತರಗತಿ, ನೋಡಿಕೊಳ್ಳುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಐದು ಗುಂಪಾಗಿ ಕೂರುತ್ತಾರೆ. ಎರಡು ಗುಂಪಿಗೆ ಶಿಕ್ಷಕರ ಸಹಾಯ, ಎರಡಕ್ಕೆ ಗೆಳೆಯರ ಸಹಾಯ, ಉಳಿದದ್ದು ಸ್ವಕಲಿಕೆ. ಒಬ್ಬರೊಂದಿಗೊಬ್ಬರು ಹೊಂದಿಕೊಂಡು ಬಾಳುವುದನ್ನು ಮಕ್ಕಳು ಕಲಿಯುವುದು ಆ ಗೆಳೆಯರ ಗುಂಪುಗಳಲ್ಲೇ ಎಂದು ಇಷ್ಟು ವರ್ಷದ ಕೆಲಸದಲ್ಲಿ ನನಗೆ ಖಾತ್ರಿಯಾಗಿದೆ.

ಈ ಪದ್ಧತಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಅಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಪಾಠದ ಕಾರ್ಡು, ಕಲಿಕೆಯ ಹೆಜ್ಜೆಗಳನ್ನು ಒಂದರ ಮೇಲೊಂದು ತೋರಿಸುವ ಕಲಿಕಾ ಏಣಿಗಳ ಬಗ್ಗೆ ನಾವು ಶಿಕ್ಷಕರು ಸೇರಿದಾಗಲೆಲ್ಲ ಮಾತಾಡುತ್ತೇವೆ. ಗೆಳೆಯರ ಗುಂಪಿನೊಳಗೆ ಏನು ನಡೆಯುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ನಮ್ಮಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ಒಂದನೇ ತರಗತಿಯ ಹುಡುಗನೊಬ್ಬ 'ಗರಗಸ' ಓದಲು ಹೋಗಿ ಪ್ರತಿ ಸಲವೂ 'ಗರಸ' ಅಂದು ನಿಲ್ಲಿಸುತ್ತಿದ್ದ. ಹೇಳಿಕೊಡಲು ಕೂತಿದ್ದ ಎರಡನೇ ತರಗತಿಯ ಹುಡುಗಿಗೆ ಸಿಟ್ಟು ಬಂತು. "ಎಷ್ಟ್ ಸಲ ಹೇಳ್ಬೇಕೋ ನಿಂಗೆ!" ಎಂದು ಸ್ಲೇಟು ಕಿತ್ತುಕೊಂಡು ತಾನೇ ಬರೆದಳು. ಅವನು ಮುಖ ಊದಿಸಿಕೊಂಡು ಗೋಡೆ ಕಡೆ ತಿರುಗಿ ಕೂತ.

ಬೈದರೆ ಇಬ್ಬರೂ ಸುಮ್ಮನಾಗುತ್ತಾರೆ, ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. "ಅವನು ಎಲ್ಲಿ ತಪ್ತಾನೆ, ನೋಡಿ ಬಂದು ಹೇಳು" ಎಂದಷ್ಟೇ ಅವಳಿಗೆ ಹೇಳಿದೆ. ಅವಳು ಅವನನ್ನು ಹೇಗೋ ಒಲಿಸಿ ತಿರುಗಿಸಿದಳು. ಕಾರ್ಡಿನ ಮೇಲೆ ಅಂಗೈ ಮುಚ್ಚಿ ಒಂದೊಂದೇ ಅಕ್ಷರ ತೋರಿಸುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಓಡಿ ಬಂದು, "ಅವ್ನಿಗೆ ಎಲ್ಲಾ ಗೊತ್ತು ಮಿಸ್, ಗ ಎರಡನೇ ಸಲ ಬಂದ್ರೆ ಗಾಬರಿಯಾಗ್ತಾನೆ" ಅಂದಳು.

ನನಗೂ ಹೊಳೆಯದ ವಿಷಯ ಅದು! ಇನ್ನೊಬ್ಬರು ಎಲ್ಲಿ ತಡವರಿಸುತ್ತಾರೆ ಎಂದು ಬಗ್ಗಿ ನೋಡುವ ತಾಳ್ಮೆಯನ್ನು ಯಾವ ನೀತಿಪಾಠ ಹೇಳಿ ತುಂಬಲು ಸಾಧ್ಯ? ಅದಕ್ಕೆ ಒಂದು ನಿಜವಾದ ಕೆಲಸ ಬೇಕು, ಆ ಕೆಲಸವನ್ನು ನೆಚ್ಚಿಕೊಂಡ ಇನ್ನೊಂದು ಮಗು ಬೇಕು.

ದೊಡ್ಡ ಮಕ್ಕಳಿಗೆ ಬಿಸಿಯೂಟದಲ್ಲಿ ಇದೇ ಅವಕಾಶ ಸಿಗುತ್ತದೆ. ಮೊಟ್ಟೆ ತಿನ್ನುವವರೂ ಬಾಳೆಹಣ್ಣು ತೆಗೆದುಕೊಳ್ಳುವವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಒಬ್ಬರ ತಟ್ಟೆ ನೋಡಿ ಇನ್ನೊಬ್ಬರು ಮೂಗು ಮುರಿದರೆ ಮಕ್ಕಳದ್ದೇ ಆದ ಶಾಲಾ ಸಂಸತ್ತಿನ ಆಹಾರ ಮಂತ್ರಿ ಮೊದಲು ಮಾತಾಡಬೇಕು, ಆಮೇಲೆ ನಾವು. ಏಳನೇ ತರಗತಿಯ ಮಕ್ಕಳು ಇದನ್ನು ಚೆನ್ನಾಗಿಯೇ ನಿಭಾಯಿಸುತ್ತಾರೆ.

ಹೊಸದಾಗಿ ನಲಿಕಲಿಗೆ ಬರುವ ಶಿಕ್ಷಕರಿಗೆ ನಾನು ಮರೆಯದೆ ಹೇಳುವ ಮಾತೊಂದಿದೆ. ಹೇಳಿಕೊಡುವ ಜಾಗದಲ್ಲಿ ಯಾವಾಗಲೂ ಚುರುಕಾದವರನ್ನೇ ಕೂರಿಸಬೇಡಿ. ಹಾಗೆ ಮಾಡಿದರೆ ಕೆಲವರಿಗೆ ಕೊಡುವುದೇ ರೂಢಿಯಾಗುತ್ತದೆ, ಕೆಲವರಿಗೆ ಕೈಯೊಡ್ಡುವುದೇ ರೂಢಿಯಾಗುತ್ತದೆ. ಓದಿನಲ್ಲಿ ಹಿಂದಿರುವ ಮಗು ಹತ್ತತ್ತು ಕಡ್ಡಿ ಎಣಿಸಿ ಕಟ್ಟು ಕಟ್ಟುವುದರಲ್ಲಿ ಮುಂದಿರಬಹುದು. ಲೆಕ್ಕದ ಅವಧಿಯಲ್ಲಿ ಆ ಗುಂಪನ್ನು ಆ ಮಗುವಿನ ಕೈಗೇ ಕೊಡಿ.