ಅಮ್ಮ ಹೆಮ್ಮೆಯಿಂದ ಹೇಳಿದ ಹದಿನೈದು ದಿನ

ತಮ್ಮ ಎರಡು ತಿಂಗಳಿಂದ ಮಂಕಾಗಿ ಕೂತಿದ್ದ. ಊಟ ಬೇಡ, ಮಾತಿಲ್ಲ, ಸ್ನಾನಕ್ಕೂ ನಾವೇ ಎಬ್ಬಿಸಬೇಕು. ಮೊದಲು ತೋರಿಸಿದ ಡಾಕ್ಟರು ಹತ್ತು ನಿಮಿಷ ಮಾತಾಡಿ, ಚೀಟಿಯಲ್ಲಿ ‘ಎಫ್‌32.1’ ಅಂತ ಬರೆದು ಮಾತ್ರೆ ಕೊಟ್ಟರು. ಅದೇನು ಅಂತ ಆಮೇಲೆ ಹುಡುಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಅನ್ನೋ ಕಾಯಿಲೆಗಳ ಪಟ್ಟಿಯ ನಂಬರು. ಜೋರೂ ಅಲ್ಲದ, ಸಣ್ಣದೂ ಅಲ್ಲದ ಡಿಪ್ರೆಶನ್.

ತಿಂಗಳಾದರೂ ಏನೂ ಬದಲಾಗಲಿಲ್ಲ. ತಿಪಟೂರಿಂದ ರೈಲು ಹತ್ತಿ ಬೆಂಗಳೂರಿಗೆ ಕರ್ಕೊಂಡು ಹೋದೆವು. ಅಮ್ಮನೂ ಬಂದಳು.

ಇಲ್ಲಿನ ಮನೋವೈದ್ಯರು ಒಂದು ಗಂಟೆ ಕೂರಿಸಿಕೊಂಡು ಕೇಳಿದರು. ಇವತ್ತು ಯಾವ ವಾರ? ನೂರರಿಂದ ಏಳೇಳು ಕಳೀತಾ ಹೋಗಿ. ತಮ್ಮ 93, 86 ಅಂದು ನಿಂತುಬಿಟ್ಟ. (ಪಕ್ಕದಲ್ಲಿ ನಾನೂ ಸುಮ್ನೆ ಕಳೀತಿದ್ದೆ. 79 ಆದಮೇಲೆ ಬೆರಳು ಮಡಚಬೇಕಾಯಿತು.) ‘ಅಂಗೈ ಹುಣ್ಣಿಗೆ ಕನ್ನಡಿ ಯಾಕೆ’ ಅಂದರೆ ಏನು ಅಂತ ಗಾದೆಯ ಅರ್ಥವನ್ನೂ ಕೇಳಿದರು. ಥೈರಾಯ್ಡ್ ತೊಂದರೆಯಿಂದಲೂ ಹೀಗೆ ಮಂಕಾಗಬಹುದು ಅಂತ ರಕ್ತ ಪರೀಕ್ಷೆ ಬರೆದರು. ಆದರೆ ಮನಸ್ಸಿನ ಕಾಯಿಲೆ ಇಂಥದೇ ಅಂತ ತೋರಿಸುವ ರಕ್ತ ಪರೀಕ್ಷೆ ಯಾವುದೂ ಇಲ್ಲವಂತೆ. ಕೇಳಿ ಕೇಳಿಯೇ ತಿಳಿದುಕೊಳ್ಳಬೇಕು.

ಆಮೇಲೆ ಅಮ್ಮನ ಕಡೆ ತಿರುಗಿದರು. “ಇದಕ್ಕೂ ಮುಂಚೆ ಹೇಗಿದ್ರಮ್ಮ?”

ಅಮ್ಮನ ಮುಖ ಅರಳಿತು. “ಹೋದ ವರ್ಷ ನೋಡ್ಬೇಕಿತ್ತು ಡಾಕ್ಟ್ರೇ! ಹದಿನೈದು ದಿನ ರಾತ್ರಿ ಎರಡು ಗಂಟೆ ಮಲಗಿದ್ರೆ ಹೆಚ್ಚು. ಟಾರ್ಚ್ ಹಿಡ್ಕೊಂಡು ಗುಂಡಿ ತೋಡಿ ಇನ್ನೂರು ತೆಂಗಿನ ಸಸಿ ನೆಟ್ಟ. ಸುಸ್ತು ಅನ್ನೋದೇ ಇಲ್ಲ.”

ಬರೀತಿದ್ದ ಪೆನ್ನು ನಿಂತಿತು. ದುಡ್ಡು ಎಲ್ಲಿಂದ? ಸಾಲ. ಮಾತು? ನಮಗೆ ಬಾಯಿ ಹಾಕೋಕೇ ಬಿಡ್ತಿರಲಿಲ್ಲ. ಕೋಪ? ಅಮ್ಮನ ದನಿ ಇಳಿಯಿತು. ಅಡ್ಡ ಬಂದವರ ಮೇಲೆಲ್ಲ.

ಹೊಸ ಚೀಟಿಯಲ್ಲಿ ‘ಎಫ್‌31.3’ ಅಂತ ಬಿತ್ತು. ಬೈಪೋಲಾರ್, ಅಂದರೆ ಮನಸ್ಸು ಕೆಲವು ದಿನ ವಿಪರೀತ ಏರಿ, ಕೆಲವು ದಿನ ಕುಗ್ಗಿಹೋಗುವ ಕಾಯಿಲೆ. ಮನಸ್ಸು ಕುಗ್ಗಿದಾಗ ಎರಡೂ ಕಾಯಿಲೆ ಒಂದೇ ಥರ ಕಾಣುತ್ತವಂತೆ. ಏರಿದ್ದ ದಿನಗಳ ಕತೆ ಮನೆಯವರು ಹೇಳಿದರೇ ಗೊತ್ತಾಗೋದು. ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಮತ್ತೆ ಏರಿಬಿಡುವ ಅಪಾಯವಿದೆ ಅಂತ, ಈ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಕೊಡೋ ಯೋಚನೆ ಮಾಡಿದರು. ಅದಕ್ಕೆ ಮುಂಚೆ ಕಿಡ್ನಿ ಪರೀಕ್ಷೆಯೂ ಆಗಬೇಕು.

ಮೊದಲ ಡಾಕ್ಟರ ಮೇಲೆ ನನಗೆ ಸಿಟ್ಟಿತ್ತು. ಅವರು ಕೇಳಲಿಲ್ಲ, ನಿಜ. ಆದರೆ ನಾವೂ ಹೇಳಲಿಲ್ಲ ಅಲ್ವಾ? ನಮ್ಮ ಲೆಕ್ಕದಲ್ಲಿ ಅವನು ಆಗ ಚೆನ್ನಾಗಿದ್ದ.

ವಾಪಸ್ ಬರುವಾಗ ರೈಲಿನಲ್ಲಿ ಅಮ್ಮ ತುಂಬಾ ಹೊತ್ತು ಸುಮ್ಮನಿದ್ದಳು. ಗುಬ್ಬಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು: “ಹಂಗಾದ್ರೆ ಆ ಸಸಿ ನೆಟ್ಟಿದ್ದೂ ಕಾಯಿಲೆನೇನಾ?”

ನನಗೆ ಉತ್ತರ ಹೊಳೆಯಲಿಲ್ಲ. ಕಿಟಕಿಗೆ ತಲೆ ಆನಿಸಿದ್ದ ತಮ್ಮ ಕಣ್ಣು ಬಿಡದೇ ಅಂದ: “ಚೆನ್ನಾಗೇ ಬಂದಿದಾವಲ್ಲ, ಬಿಡಮ್ಮ.”