ಹಳೇ ಪಂಚೆ, ಹಸುಗೂಸು, ನಡುರಾತ್ರಿಯ ಅಳು

ಹಸುಗೂಸನ್ನು ಸುತ್ತಲು, ಹೆರಿಗೆಗೆ ತಿಂಗಳಿರುವಾಗಲೇ ಹಳೇ ಹತ್ತಿ ಪಂಚೆಗಳನ್ನು ಸುಮಾರು 1 ಮೀಟರ್ ಚೌಕಕ್ಕೆ ಕತ್ತರಿಸಿ, ಒಗೆದು, ಬಿಸಿಲಿಗೆ ಒಣಗಿಸಿಡಿ. ಆರು ತುಂಡಾದರೂ ಬೇಕು. ಹೊಸ ಬಟ್ಟೆಯ ಗಂಜಿ ಎಳೇ ಚರ್ಮಕ್ಕೆ ಒರಟು.

ಮಗು ಅತ್ತ ಕೂಡಲೇ ಬಟ್ಟೆ ಸುತ್ತಬೇಡಿ, ಮೊದಲು ಹಸಿವು ನೋಡಿ. ಕೈಯನ್ನು ಬಾಯಿಗೊಯ್ಯುವುದು, ಬಾಯಿ ತೆರೆದು ತಲೆ ಹೊರಳಿಸುವುದು ಹಸಿವಿನ ಗುರುತು. ಅಳು ಬರುವುದು ಕೊನೆಗೆ. ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುವುದು ಸಹಜ.

ಸುತ್ತುವಾಗ ಮೇಲಿನ ಮೂಲೆ ಮಡಚಿ, ಆ ಅಂಚು ಭುಜದ ಮಟ್ಟಕ್ಕಿರಲಿ. ಒಂದು ಬದಿಯನ್ನು ಎದೆ ಮೇಲಿಂದ ತಂದು ಬೆನ್ನಡಿಗೆ ಸಿಕ್ಕಿಸಿ, ಕೆಳತುದಿ ಮೇಲಕ್ಕೆ, ಆಮೇಲೆ ಇನ್ನೊಂದು ಬದಿ. ಎದೆ ಬಳಿ ಎರಡು ಬೆರಳು ತೂರಬೇಕು. ತಪ್ಪಾಗುವುದು ಕಾಲಿನಲ್ಲಿ: ನೆಟ್ಟಗೆಳೆದು ಬಿಗಿದರೆ ಸೊಂಟದ ಕೀಲು ಜಾರಬಹುದು. ಕಪ್ಪೆಯಂತೆ ಮಡಚಿಕೊಳ್ಳಲು ಜಾಗ ಬಿಡಿ. ಮಗು ಮಗುಚಲು ಯತ್ನಿಸುವ ಸುಳಿವು ಕಂಡ ದಿನವೇ ಸುತ್ತುವುದು ಬಂದ್.

ಸೀರೆ ಜೋಲಿಯಲ್ಲಿ ಗಲ್ಲ ಎದೆಗೊತ್ತಿ ಉಸಿರಿಗೆ ತಡೆಯಾಗಬಹುದು. ನಿದ್ದೆಗೆ ಗಟ್ಟಿ, ಸಮತಟ್ಟು ಹಾಸಿಗೆ, ಅಂಗಾತ, ದಿಂಬಿಲ್ಲದೆ. ಬಜೆ, ಜೇನು, ಸಾಂಬ್ರಾಣಿ ಹೊಗೆ ಬೇಡವೇ ಬೇಡ, ಅಜ್ಜಿ ಮುನಿಸಿಕೊಂಡರೂ ಸರಿ. ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತೂಗುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.