ನಕ್ಷೆ ತೋರಿಸದ ಮೆಟ್ಟಿಲುಗಳು

ಮೊಬೈಲಿನ ನಕ್ಷೆ ಅರ್ಧ ಕಿಲೋಮೀಟರ್ ಎಂದಿತು. ನಂಬಿ ಹೊರಟವನು ಅರ್ಧ ಗಂಟೆ ಕಳೆದರೂ ಮೆಟ್ಟಿಲು ಹತ್ತುತ್ತಲೇ ಇದ್ದೆ. ಅಲ್ಜೀರಿಯಾದ ರಾಜಧಾನಿ ಅಲ್ಜೀರ್ಸಿನಲ್ಲಿ ದಾರಿ ಕೇಳುವಾಗ ಎಷ್ಟು ದೂರ ಅಂತಲ್ಲ, ಎಷ್ಟು ಎತ್ತರ ಅಂತ ಕೇಳಬೇಕು. ಕೊಲ್ಲಿಯನ್ನು ಬಳಸಿದ ಗುಡ್ಡಗಳ ಇಳಿಜಾರಿನಲ್ಲೇ ಊರು ಬೆಳೆದಿದೆ. ಇಲ್ಲಿನವರಿಗೆ ಕೇಬಲ್ ಕಾರ್ ಎಂದರೆ ಮೋಜಲ್ಲ, ಸಿಟಿ ಬಸ್ಸಿದ್ದ ಹಾಗೆ.

ಕೆಳಗೆ, ಬಂದರಿನ ಎದುರಿಗೆ, ಫ್ರೆಂಚರು ಕಟ್ಟಿದ ಊರು: ಉದ್ದಕ್ಕೂ ಕಮಾನುಗಳು, ಬಿಳಿ ಗೋಡೆ, ನೀಲಿ ಕಿಟಕಿ. 1830ರಲ್ಲಿ ಬಂದವರು 1962ರಲ್ಲಿ ಹೋದರು. ಬೀದಿಗಳಿಗೆ ಈಗ ಹೋರಾಟಗಾರರ ಹೆಸರು. ಆದರೂ ದಿದೂಶ್ ಮುರಾದ್ ಬೀದಿ ಹಳಬರ ಬಾಯಲ್ಲಿ ಇನ್ನೂ ಫ್ರೆಂಚರ ಕಾಲದ 'ಮಿಶ್ಲೆ'ಯೇ.

ನನ್ನನ್ನು ಹಿಡಿದಿಟ್ಟದ್ದು ಮಾತ್ರ ಇಳಿಜಾರಿನ ಹಳೇ ಊರು, ಕಸ್ಬಾ. ನಮ್ಮ ಪಹಣಿಯಲ್ಲಿ ಬರುವ 'ಕಸಬಾ ಹೋಬಳಿ'ಯ ಕಸಬಾ ಕೂಡ ಅರಬ್ಬಿಯಿಂದ ಬಂದದ್ದೇ. ಇಲ್ಲಿನ ಗಲ್ಲಿಗಳಿಗೆ ಕಸದ ಗಾಡಿ ನುಗ್ಗಲಾರದು. ಆ ಕೆಲಸ ಕತ್ತೆಗಳದು. ಒಂದು ಎದುರಾದಾಗ ಗೋಡೆಗೆ ಬೆನ್ನು ಹಚ್ಚಿ ನಿಂತು ದಾರಿ ಬಿಟ್ಟೆ. ತಲೆಯ ಮೇಲೆ ಮರದ ಊರೆಗಳನ್ನು ಕೊಟ್ಟು ಗಲ್ಲಿಗೆ ಚಾಚಿದ ಮಹಡಿಗಳು, ಎದುರುಬದುರಾಗಿ ಇನ್ನೇನು ತಾಗಿಬಿಡುವಂತೆ. ಹೊರಗೋಡೆಯಲ್ಲಿ ಹೇಳಿಕೊಳ್ಳುವಂಥ ಕಿಟಕಿಯೂ ಇಲ್ಲ. ತೆರೆದಿದ್ದ ಒಂದು ಬಾಗಿಲಲ್ಲಿ ಇಣುಕಿದರೆ, ಅರೆ, ನಮ್ಮ ತೊಟ್ಟಿಮನೆ! ಕಂಬಗಳು, ಹೆಂಚಿನ ಚಿತ್ತಾರ, ನಡುವೆ ಒಂದು ತುಂಡು ಆಕಾಶ. ಪಕ್ಕದ ಮನೆ ಕುಸಿದು ಬರೀ ಗೋಡೆ ಉಳಿದಿತ್ತು. 1992ರಲ್ಲೇ ಯುನೆಸ್ಕೋ ಪಟ್ಟಿ ಸೇರಿದ ಜಾಗವಿದು. ಪಟ್ಟಿ ಸೇರಿದ ಮಾತ್ರಕ್ಕೆ ಸೂರು ನಿಲ್ಲುತ್ತದೆಯೇ?

ಇಳಿಯುವಾಗ ಮೊಣಕಾಲು ನಡುಗುತ್ತಿತ್ತು. ತಳ್ಳುಗಾಡಿಯವ ಕರಂತಿಕಾ ಕೊಯ್ಯುತ್ತಿದ್ದ: ಕಡಲೆಹಿಟ್ಟನ್ನು ತೆಳ್ಳಗೆ ಕಲಸಿ ತಟ್ಟೆಯಲ್ಲಿ ಬೇಯಿಸಿದ್ದು, ಮೇಲೆ ಕೆಂಪಗೆ, ಒಳಗೆ ಗಿಣ್ಣಿನಷ್ಟು ಮೆತ್ತಗೆ. ಜೀರಿಗೆ ಪುಡಿ, ಖಾರ ಉದುರಿಸಿ ಬ್ರೆಡ್ಡಿನೊಳಗೆ ಇಟ್ಟುಕೊಟ್ಟ.

ಮೆಟ್ಟಿಲ ಮೇಲೆ ಕೂತು ತಿನ್ನುತ್ತಾ ಸಮುದ್ರದಲ್ಲಿ ದ್ವೀಪ ಹುಡುಕಿದೆ. ಊರಿನ ಅರಬ್ಬಿ ಹೆಸರು ಅಲ್ ಜಝಾಯಿರ್, ಅಂದರೆ ದ್ವೀಪಗಳು. ಒಂದೂ ಕಾಣಲಿಲ್ಲ. ಪಕ್ಕದಲ್ಲಿದ್ದ ಮುದುಕರನ್ನು ಕೈಸನ್ನೆಯಲ್ಲೇ ಕೇಳಿದೆ. ಅವರು ಬಂದರಿನ ಕಲ್ಲುಕಟ್ಟೆ ತೋರಿಸಿದರು. 1529ರಲ್ಲಿ ಒಟ್ಟೋಮನ್ ಕಡಲ ನಾಯಕ ಖೈರುದ್ದೀನ್ ಬಾರ್ಬರೋಸಾ ಸ್ಪೇನಿನವರ ಕೋಟೆ ಕೆಡವಿ, ಆ ಪುಟ್ಟ ದ್ವೀಪಗಳನ್ನು ದಡಕ್ಕೆ ಸೇರಿಸಿದ್ದು ಅಲ್ಲೇ. ಬೆಳಿಗ್ಗೆ ನಾನು ಅದರ ಮುಂದೆಯೇ ಹಾದು ಬಂದಿದ್ದೆ.